ಚಳಿಗಾಲದ ಸೈಟಲ್ಲಿ ಪ್ರೊಪೇನ್ ಹೀಟರ್: ಹಚ್ಚೋದ್ರಿಂದ ಆರಿಸೋವರೆಗೂ ನೋಡ್ಕೋಬೇಕಾಗಿರೋದು

ಕೆನಡಾಗೆ ಬಂದು ಕನ್‌ಸ್ಟ್ರಕ್ಷನ್ ಲೈನಿಗೆ ಇಳಿಯೋ ನಮ್ಮವರಲ್ಲಿ ಎರಡು ಥರ ಇದಾರೆ. ಊರಲ್ಲಿ ಸಿವಿಲ್ ಮುಗಿಸ್ಕೊಂಡು ಸೈಟ್ ಕೋಆರ್ಡಿನೇಟರ್ ಆಗಿ ಸೇರೋರು ಒಂದು ಕಡೆ, ಕಾಲೇಜ್ ಓದ್ತಾ ವೀಕೆಂಡಲ್ಲಿ ಜನರಲ್ ಲೇಬರ್ ಕೆಲ್ಸಕ್ಕೆ ಹೋಗೋ ಹುಡುಗ್ರು ಇನ್ನೊಂದು ಕಡೆ. ಇಬ್ರಿಗೂ ಮೊದಲ್ನೇ ಡಿಸೆಂಬರಲ್ಲಿ ಯಾರೋ ಒಬ್ಬ ಫೋರ್‌ಮನ್ ಬಂದು "ಆ ಹೀಟರ್ ಹಚ್ಚಿಬಿಡು" ಅಂತ ಹೇಳಿ ಹೋಗ್ತಾನೆ, ಇವ್ರಿಗೋ ಹೊರಗೆ ಮೈನಸ್ 20, ಕೈ ಮರಗಟ್ಟಿರುತ್ತೆ, ಸಿಲಿಂಡರ್ ತಾನೆ ಮನೇಲಿ ನೋಡಿಲ್ವಾ ಅಂತ ಹಚ್ಚೋಕೆ ಹೋಗ್ತಾರೆ. ನಾನು ಒಂಟಾರಿಯೋ ಸೈಟ್‌ಗಳಲ್ಲಿ ಕೆಲ್ಸ ಮಾಡೋನು, ಅವ್ರಿಗೋಸ್ಕರಾನೇ ಇದನ್ನ ಬರೀತಿದೀನಿ.

ಮೊದ್ಲು ಒಂದು ವಿಷ್ಯ ತಲೇಲಿ ಕೂರಿಸ್ಕೊಳಿ. ನಮಗೆ ಚಿಕ್ಕವಯಸ್ಸಿಂದ ಹೇಳ್ಕೊಟ್ಟಿರೋದು ಗ್ಯಾಸ್ ವಾಸ್ನೆ ಬಂದ್ರೆ ಹುಷಾರು, ಸ್ವಿಚ್ ಮುಟ್ಟಬೇಡ, ಕಿಟಕಿ ತೆಗಿ ಅಂತ. ಅದು ಇಲ್ಲೂ ನಿಜಾನೇ. ಆದ್ರೆ ಸೈಟ್ ಹೀಟರ್ ಜೀವ ತೆಗೆಯೋಕೆ ಇನ್ನೊಂದು ದಾರಿ ಇದೆ, ಅದಕ್ಕೆ ವಾಸ್ನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯೋದೂ ಇಲ್ಲ. ಕಾರ್ಬನ್ ಮೊನಾಕ್ಸೈಡ್. ಹೀಟರ್ ಸರಿಯಾಗೇ ಉರೀತಿದೆ, ಎಲ್ಲೂ ಲೀಕ್ ಇಲ್ಲ, ಸುತ್ತ ಟಾರ್ಪ್ (ಟಾರ್ಪಾಲಿನ್ ಹೊದಿಕೆ) ಬಿಗಿಯಾಗಿ ಕಟ್ಟಿದಾರೆ, ಬೆಚ್ಚಗಿದೆ, ಅಂಥ ಜಾಗದಲ್ಲೇ ಅದು ತುಂಬ್ಕೊಳೋದು. ಊರ ಕಡೆ ಚಳಿಗೆ ರೂಮಲ್ಲಿ ಇದ್ದಿಲು ಹಾಕ್ಕೊಂಡು ಬಾಗ್ಲು ಮುಚ್ಚಿ ಮಲಗಿದವ್ರು ಬೆಳಿಗ್ಗೆ ಏಳಲಿಲ್ಲ ಅಂತ ಪೇಪರಲ್ಲಿ ಓದಿರ್ತೀರಲ್ಲ, ಕಾರಣ ಇದೇ. ಹಾಗಾಗಿ ಗಾಳಿ ವಿಷ್ಯಾನೇ ನಾನು ಜಾಸ್ತಿ ಹೇಳ್ತೀನಿ, ಬೇರೇದೆಲ್ಲ ಅದರ ಜೊತೆ ಬರುತ್ತೆ.

ಹಚ್ಚೋಕೆ ಮುಂಚೆ: ನೀವು ಹಚ್ಚಬಹುದಾ?

ಒಂಟಾರಿಯೋದಲ್ಲಿ ಫ್ಯೂಯಲ್ ವಿಷ್ಯ ಎಲ್ಲ ನೋಡ್ಕೊಳೋದು ಟಿಎಸ್‌ಎಸ್‌ಎ ಅನ್ನೋ ಸಂಸ್ಥೆ. ಪ್ರೊಪೇನ್ ಕನ್‌ಸ್ಟ್ರಕ್ಷನ್ ಹೀಟರನ್ನ ಕನೆಕ್ಟ್ ಮಾಡೋಕೆ, ಹಚ್ಚೋಕೆ ಟ್ರೇನಿಂಗ್ ಆಗಿರ್ಬೇಕು, ಅದಕ್ಕೆ ರೆಕಾರ್ಡ್ ಆಫ್ ಟ್ರೇನಿಂಗ್ ಅಂತ ಕೊಡ್ತಾರೆ. ನಿಮ್ಮ ಹತ್ರ ಅದು ಇಲ್ಲ ಅಂದ್ರೆ "ನಂಗೆ ಕಾರ್ಡ್ ಇಲ್ಲ" ಅಂತ ನೇರವಾಗಿ ಹೇಳಿ. ಹೊಸಬ್ರು ಇಲ್ಲಿ ಸಂಕೋಚ ಪಡ್ತಾರೆ, ಕೆಲ್ಸ ಬರಲ್ಲ ಅಂದ್ಕೋತಾರೇನೋ ಅಂತ, ಹಾಗೇನಿಲ್ಲ, ಒಳ್ಳೆ ಫೋರ್‌ಮನ್ ಅದನ್ನ ಕೇಳಿದ ತಕ್ಷಣ ಟ್ರೇನಿಂಗ್ ಆಗಿರೋರನ್ನ ಕರೀತಾನೆ. ಅಮೆರಿಕದಲ್ಲಿರೋರಿಗೆ ಒಷಾ ಅನ್ನೋ ಅಲ್ಲಿನ ಕೆಲ್ಸದ ಜಾಗದ ಸುರಕ್ಷತಾ ಇಲಾಖೆಯ ನಿಯಮಗಳಿವೆ, ಕೆಳಗೆ ನಾನು ಕೊಡೋ ಅಡಿ ಲೆಕ್ಕ ಎಲ್ಲ ಅಲ್ಲಿಂದಾನೇ. ಅದನ್ನ ಕನಿಷ್ಠ ಅಂತ ಇಟ್ಕೊಳಿ, ನಿಮ್ಮ ಪ್ರಾವಿನ್ಸ್ ಕೋಡ್ ಅಥ್ವಾ ಹೀಟರ್ ಮೇಲಿರೋ ಪ್ಲೇಟ್ ಅದಕ್ಕಿಂತ ಜಾಸ್ತಿ ದೂರ ಕೇಳಿದ್ರೆ ಜಾಸ್ತಿ ಇರೋದನ್ನೇ ಹಿಡ್ಕೊಳಿ.

ನಮ್ಮ ಮನೆ ಸಿಲಿಂಡರೇ ಬೇರೆ, ಇದೇ ಬೇರೆ

ಊರಲ್ಲಿ ನಾವು ನೋಡಿರೋ 14.2 ಕೆಜಿ ಸಿಲಿಂಡರಲ್ಲಿ ಇರೋದು ಬ್ಯುಟೇನ್, ಪ್ರೊಪೇನ್ ಎರಡೂ ಬೆರೆಸಿರೋ ಗ್ಯಾಸ್. ಬ್ಯುಟೇನ್ ಸೊನ್ನೆ ಡಿಗ್ರಿ ಹತ್ರಾನೇ ಆವಿ ಆಗೋದು ನಿಲ್ಲಿಸುತ್ತೆ, ಇಲ್ಲಿನ ಚಳಿಗೆ ಅದು ಕೆಲ್ಸಕ್ಕೆ ಬರಲ್ಲ. ಪ್ರೊಪೇನ್ ಮೈನಸ್ 42ರವರೆಗೂ ಆವಿ ಆಗುತ್ತೆ, ಅದಕ್ಕೇ ಇಲ್ಲಿ ಅದು. ಸೈಟಿಗೆ ಬರೋದು ಸಾಮಾನ್ಯವಾಗಿ 100 ಪೌಂಡ್ ಸಿಲಿಂಡರ್, ಒಳಗೆ ಸುಮಾರು 45 ಕೆಜಿ ಗ್ಯಾಸ್, ಸಿಲಿಂಡರ್ ತೂಕನೂ ಸೇರಿದ್ರೆ 75 ಕೆಜಿ ದಾಟುತ್ತೆ. ಒಬ್ರೇ ಎತ್ತೋಕೆ ಹೋಗ್ಬೇಡಿ, ಮಲಗಿಸಿ ಉರುಳಿಸ್ಬೇಡಿ, ಸಿಲಿಂಡರ್ ಟ್ರಾಲಿ ಇರುತ್ತೆ ಅದನ್ನ ತನ್ನಿ.

ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಲೀಕ್ ಆದ್ರೆ ಮೇಲಕ್ಕೆ ಹೋಗಲ್ಲ, ನೆಲ ಹಿಡ್ಕೊಂಡು ಹರೀತಾ ಹೋಗಿ ಬೇಸ್‌ಮೆಂಟ್, ಲಿಫ್ಟ್ ಪಿಟ್, ಸಂಪ್, ಫುಟಿಂಗ್ ಗುಂಡಿ ಎಲ್ಲಿ ತಗ್ಗಿದ್ಯೋ ಅಲ್ಲಿ ಕೂತ್ಕೊಳುತ್ತೆ. ಗಾಳೀಲಿ ಬರೀ 2 ಪರ್ಸೆಂಟ್ ಆಸುಪಾಸು ಆದ್ರೆ ಸಾಕು, ಒಂದು ಕಿಡಿಗೆ ಹತ್ಕೊಳುತ್ತೆ. ಹಾಗಾಗಿ ಸಿಲಿಂಡರನ್ನ ಬೇಸ್‌ಮೆಂಟಿಗೆ ಇಳಿಸೋ ಮಾತೇ ಬೇಡ. ವಾಸ್ನೆ ಬರ್ಲಿ ಅಂತ ಮರ್ಕ್ಯಾಪ್ಟನ್ ಸೇರಿಸಿರ್ತಾರೆ ನಿಜ, ಆದ್ರೆ ಚಳೀಲಿ ಮೂಗು ಕಟ್ಟಿರುತ್ತೆ, ಡ್ರೈವಾಲ್ (ಜಿಪ್ಸಮ್ ಬೋರ್ಡ್ ಗೋಡೆ) ಧೂಳು, ಪೇಂಟ್ ವಾಸ್ನೆ ಬೇರೆ, ಅಷ್ಟೇ ಅಲ್ದೆ ಸ್ವಲ್ಪ ಹೊತ್ತು ಅದೇ ವಾಸ್ನೇಲಿದ್ರೆ ಮೂಗಿಗೆ ಗೊತ್ತೇ ಆಗಲ್ಲ. ಮೂಗನ್ನ ನಂಬ್ಕೊಂಡು ಕೂರಬೇಡಿ.

ಎಲ್ಲಿ ಇಡೋದು

ಸಿಲಿಂಡರ್ ಯಾವಾಗ್ಲೂ ನೆಟ್ಟಗೆ ನಿಂತಿರ್ಬೇಕು, ಕೆಳಗೆ ಗಟ್ಟಿಯಾದ ಸಮ ನೆಲ, ಬೀಳ್ದಿರೋ ಹಾಗೆ ಚೈನೋ ಸ್ಟ್ರ್ಯಾಪೋ ಹಾಕಿ ಕಟ್ಟಿ. ಮಂಜಿನ ಮೇಲೆ ಹಾಗೇ ನಿಲ್ಲಿಸಿದ್ರೆ ಮಧ್ಯಾಹ್ನದ ಬಿಸಿಲಿಗೆ ಕರಗಿ ವಾಲುತ್ತೆ, ಅಡಿಗೆ ಒಂದು ಪ್ಲೈವುಡ್ ತುಂಡು ಹಾಕಿ. ಮಲಗಿಸಿದ್ರೆ ಆವಿ ಬದ್ಲು ದ್ರವಾನೇ ಹೋಸಿಗೆ ಬರುತ್ತೆ, ಹೀಟರ್ ಮುಂದೆ ಬೆಂಕಿ ಉಗುಳುತ್ತೆ, ಅದನ್ನ ನೋಡಿದವರು ಜನ್ಮದಲ್ಲಿ ಮತ್ತೆ ಸಿಲಿಂಡರ್ ಮಲಗಿಸಲ್ಲ.

ದೂರ: ಹೀಟರಿಂದ ಸಿಲಿಂಡರಿಗೆ ಕನಿಷ್ಠ 6 ಅಡಿ. ಬ್ಲೋವರ್ ಇರೋ ಹೀಟರಾದ್ರೆ ಅದರ ಬಾಯಿ ಯಾವ ಸಿಲಿಂಡರ್ ಕಡೆಗೂ ತಿರುಗಿರಬಾರ್ದು, 20 ಅಡಿ ಒಳಗೆ ಇದ್ರಂತೂ ಖಂಡಿತ ಬೇಡ. ಟಾರ್ಪ್, ಕ್ಯಾನ್ವಾಸ್ ಥರ ಹತ್ಕೊಳೋ ಹೊದಿಕೆಯಿಂದ 10 ಅಡಿ. 10 ಅಡಿ ದೂರ ಇದೆಯಲ್ಲ ಅಂದ್ಕೊಂಡು ಟಾರ್ಪನ್ನ ಸಡಿಲ ಬಿಡ್ಬೇಡಿ, ರಾತ್ರಿ ಗಾಳಿ ಎದ್ದಾಗ ಕಟ್ಟು ಬಿಚ್ಕೊಂಡು ಬಂದು ಹೀಟರ್ ಮೇಲೇ ಬೀಳುತ್ತೆ, ಬೆಂಕಿ ಅನಾಹುತಗಳು ಶುರುವಾಗೋ ದಾರೀಲಿ ಇದೊಂದು. ಟಾರ್ಪ್ ಕೆಳಗಡೆ ಅಂಚಿಗೂ ಕಟ್ಟಿರ್ಬೇಕು, ಬರೀ ಮೇಲಲ್ಲ. ಮರದ ನೆಲದ ಮೇಲೆ ಇಡೋದಾದ್ರೆ, ಮರದ ಮೇಲಿಡ್ಬಹುದು ಅಂತ ಹೀಟರ್ ಮೇಲೆ ಬರೆದಿಲ್ಲ ಅಂದ್ರೆ, ಅಡಿಗೆ ಶಾಖ ತಡೆಯೋ ಶೀಟು ಅಥ್ವಾ ಒಂದಿಂಚು ಕಾಂಕ್ರೀಟಿಗೆ ಸಮ ಆಗೋ ಏನಾದ್ರೂ ಬೇಕು, ಅದು ಹೀಟರಿನ ಸುತ್ತ ಎಲ್ಲ ಕಡೆ 2 ಅಡಿ ಆಚೆಗೂ ಚಾಚಿರ್ಬೇಕು. ಹೀಟರ್ ವಾಲಿರಬಾರ್ದು.

ಗ್ಲೋವ್ಸ್, ಜಾಕೆಟ್ ಹೀಟರ್ ಮೇಲೆ ಒಣಗಾಕೋದು ನೋಡ್ತಿರ್ತೀನಿ, ದಯವಿಟ್ಟು ಬೇಡ.

ಕನೆಕ್ಟ್ ಮಾಡೋದು, ಲೀಕ್ ನೋಡೋದು

ಮೊದ್ಲು ಸಿಲಿಂಡರ್ ಕಾಲರ್ ಮೇಲೆ ಒತ್ತಿರೋ ಡೇಟ್ ನೋಡಿ, ಕೆನಡಾದಲ್ಲಿ 10 ವರ್ಷ ಆದ್ರೆ ಮತ್ತೆ ಟೆಸ್ಟ್ ಆಗದೆ ತುಂಬೋ ಹಾಗಿಲ್ಲ. ತುಕ್ಕು, ನಗ್ಗು, ವಾಲ್ವ್ ಬಗ್ಗಿರೋದು ಕಂಡ್ರೆ ಪಕ್ಕಕ್ಕೆ ಇಡಿ, ಸಪ್ಲೈಯರ್ ವಾಪಸ್ ತಗೋತಾರೆ. ಹೋಸ್ ಉದ್ದಕ್ಕೂ ಕೈ ಆಡಿಸಿ: ಬಿರುಕು, ಸುಟ್ಟ ಗುರುತು, ಲಿಫ್ಟ್ ಗಾಡಿ ಚಕ್ರ ಹತ್ತಿ ಚಪ್ಪಟೆ ಆಗಿರೋದು. ಹೋಸ್ ಮೇಲೆ ಎಲ್‌ಪಿ ಗ್ಯಾಸ್ ಅಂತ, 350 ಪಿಎಸ್‌ಐ (ಪ್ರೆಶರ್ ಅಳತೆ) ಅಂತ ಪ್ರಿಂಟ್ ಇರುತ್ತೆ, ಅದಿಲ್ಲದ ಏರ್ ಹೋಸ್ ಸಿಕ್ಕಿಸೋದು, ಟೇಪ್ ಸುತ್ತೋದು ಎಲ್ಲ ಮಾಡ್ಬೇಡಿ.

ಮನೆ ಸಿಲಿಂಡರಿಗೆ ರೆಗ್ಯುಲೇಟರ್ ಟಕ್ ಅಂತ ಕೂರಿಸ್ತೀವಿ, ಇಲ್ಲಿ 100 ಪೌಂಡಿಂದಕ್ಕೆ ಹಾಗಿಲ್ಲ, ಥ್ರೆಡ್ ಇರುತ್ತೆ, ಅದೂ ಎಡಗೈ ಥ್ರೆಡ್, ಅಂದ್ರೆ ನಟ್ ಬಿಗಿ ಮಾಡೋಕೆ ಗಡಿಯಾರದ ಉಲ್ಟಾ ತಿರುಗಿಸ್ಬೇಕು. ಪೀಣ್ಯದಲ್ಲಿ ಗ್ಯಾಸ್ ಕಟಿಂಗ್ ಮಾಡಿರೋರಿಗೆ ಅಸಿಟಿಲೀನ್ ಕಡೆ ಥ್ರೆಡ್ ನೆನಪಿರುತ್ತೆ, ಇದೂ ಹಾಗೇ. ಬಿಗಿಯಾಗಲ್ಲ ಅಂತ ಬಲವಾಗಿ ಅದುಮಿ ಥ್ರೆಡ್ ಕೆಡಿಸ್ಬೇಡಿ. ಸರಿಯಾದ ಸ್ಪ್ಯಾನರ್ ಹಾಕಿ, ಪೈಪ್ ರೆಂಚ್ ಹಾಕಿದ್ರೆ ಹಿತ್ತಾಳೆ ಕಚ್ಕೊಂಡು ಹೋಗುತ್ತೆ. ರೆಗ್ಯುಲೇಟರಿನ ಗಾಳಿ ತೂತು ಕೆಳಮುಖ ಇರೋ ಹಾಗೆ ಕೂರಿಸಿ, ಮೇಲ್ಮುಖ ಇದ್ರೆ ಹಿಮ, ಮಂಜುಗಡ್ಡೆ ಕಟ್ಕೊಂಡು ಪ್ರೆಶರ್ ತಲೆಕೆಳಗಾಗುತ್ತೆ. ಸಿಲಿಂಡರ್ ಸುತ್ತ ಹಿಮ ಬಿದ್ರೆ ದಿನಾ ತೆಗೀರಿ.

ಆಮೇಲೆ ವಾಲ್ವನ್ನ ನಿಧಾನ, ನಿಜವಾಗ್ಲೂ ನಿಧಾನ ತೆಗೀರಿ. ಪಟ್ ಅಂತ ತೆಗೆದ್ರೆ ಒಳಗಿರೋ ಎಕ್ಸೆಸ್ ಫ್ಲೋ ವಾಲ್ವ್ ಲೀಕ್ ಅಂದ್ಕೊಂಡು ಗ್ಯಾಸ್ ತಡೆದುಬಿಡುತ್ತೆ, ಜನ ಸಿಲಿಂಡರ್ ಖಾಲಿ ಅಂತ ಬದಲಾಯಿಸ್ತಾರೆ. ಹಾಗಾದ್ರೆ ವಾಲ್ವ್ ಪೂರ್ತಿ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ನಿಧಾನ.

ಈಗ ಲೀಕ್ ಟೆಸ್ಟ್. ಪ್ರತೀ ಸಲ ಸಿಲಿಂಡರ್ ಬದಲಾಯಿಸಿದಾಗ್ಲೂ ಮಾಡ್ಬೇಕು. ಸೋಪ್ ನೀರು ಅಂತ ಎಲ್ರೂ ಹೇಳ್ತಾರೆ, ಮೈನಸ್ 20ರಲ್ಲಿ ಸೋಪ್ ನೀರು ಹಾಕಿದ ತಕ್ಷಣ ಗಡ್ಡೆ ಕಟ್ಟುತ್ತೆ, ಗುಳ್ಳೆ ಬರೋದೇ ಇಲ್ಲ, ಲೀಕ್ ಇಲ್ಲ ಅಂತ ಅಂದ್ಕೋತೀವಿ. ಚಳಿಗೆ ಅಂತಾನೇ ಲೀಕ್ ಡಿಟೆಕ್ಟರ್ ಲಿಕ್ವಿಡ್ ಸಿಗುತ್ತೆ, ಬಾಟ್ಲಿ ಮೇಲೆ ಎಷ್ಟು ಡಿಗ್ರಿವರೆಗೆ ಅಂತ ಬರೆದಿರುತ್ತೆ, ಅದನ್ನ ತರಿಸಿ. ವಾಲ್ವ್ ನಟ್, ರೆಗ್ಯುಲೇಟರ್ ಎರಡೂ ಕಡೆ, ಹೋಸ್ ಹೀಟರಿಗೆ ಸೇರೋ ಜಾಗ, ಎಲ್ಲಕ್ಕೂ ಹಚ್ಚಿ. ಬೆಂಕಿ ಕಡ್ಡಿ, ಲೈಟರ್ ಹಿಡಿದು ನೋಡೋ ಪದ್ಧತಿ ಇಲ್ಲಿಗೆ ಬಿಟ್ಟುಬಿಡಿ.

ಹಚ್ಚೋದು, ಆರಿಸೋದು

ಬ್ಲೋವರ್ ಹೀಟರಿಗೆ ಕರೆಂಟ್ ಬೇಕು. ಮೂರು ಪಿನ್ನಲ್ಲಿ ಅರ್ಥ್ ಪಿನ್ ಕಿತ್ತಿರೋ ಕೇಬಲ್ ಕಂಡ್ರೆ ಉಪಯೋಗಿಸ್ಬೇಡಿ. ಮೊದ್ಲು ಫ್ಯಾನ್ ಓಡ್ಬೇಕು, ಆಮೇಲೆ ಮಷೀನ್ ಮೇಲೆ ಬರೆದಿರೋ ಕ್ರಮದಲ್ಲಿ ಗ್ಯಾಸ್ ಬಟನ್ ಒತ್ತಿ ಇಗ್ನೈಟರ್. ಹತ್ತಿದ ಮೇಲೂ ಬಟನ್ ಸ್ವಲ್ಪ ಹೊತ್ತು ಒತ್ಕೊಂಡೇ ಇರಿ, ಥರ್ಮೋಕಪಲ್ ಬಿಸಿ ಆಗ್ಬೇಕು. ಜ್ವಾಲೆ ಆರಿದ್ರೆ ಗ್ಯಾಸ್ ತಾನಾಗೇ ನಿಲ್ಸೋದು ಅದೇ. ಕೆಲವ್ರು ಪದೇ ಪದೇ ಆಫ್ ಆಗುತ್ತೆ ಅಂತ ಬಟನ್ನಿಗೆ ಟೇಪ್ ಸುತ್ತಿ ಒತ್ತಿಟ್ಟಿರ್ತಾರೆ. ಅಂಥ ಹೀಟರ್ ಕಂಡ್ರೆ ಸಿಲಿಂಡರ್ ವಾಲ್ವ್ ಮುಚ್ಚಿ ಸೂಪರ್‌ವೈಸರನ್ನ ಕರೀರಿ. ಒಂದು ಸಲ ಗಾಳಿಗೆ ಆರಿದ್ರೆ ಆ ಜಾಗ ಪೂರ್ತಿ ಗ್ಯಾಸ್ ತುಂಬುತ್ತೆ, ತಡೆಯೋಕೆ ಏನೂ ಇರಲ್ಲ.

ಹತ್ತಲಿಲ್ಲ ಅಂದ್ರೆ ಟಕ್ ಟಕ್ ಅಂತ ಇಗ್ನೈಟರ್ ಒತ್ತಾನೇ ಇರ್ಬೇಡಿ. ಗ್ಯಾಸ್ ಮುಚ್ಚಿ, ಕನಿಷ್ಠ 5 ನಿಮಿಷ ಕಾಯಿರಿ, ನೆಲದಲ್ಲಿ ಕೂತಿರೋದು ಹೋಗ್ಲಿ, ಆಮೇಲೆ ಮತ್ತೆ. ಹತ್ತಿದ ಮೇಲೆ ಜ್ವಾಲೆ ನೀಲಿ ಇರ್ಬೇಕು. ಹಳದಿ ಉದ್ದ ನಾಲಿಗೆ ಚಾಚ್ತಿದ್ರೆ, ಮಸಿ ಕಟ್ತಿದ್ರೆ, ಕಣ್ಣು ಉರಿ, ಹೊಗೆ ವಾಸ್ನೆ ಬಂದ್ರೆ ಸರಿಯಾಗಿ ಉರೀತಿಲ್ಲ, ಆರಿಸಿ. ಆದ್ರೆ ನೀಲಿ ಇದೆ ಅಂದ ಮಾತ್ರಕ್ಕೆ ಕಾರ್ಬನ್ ಮೊನಾಕ್ಸೈಡ್ ಇಲ್ಲ ಅಂತಲ್ಲ, ಅದಕ್ಕೆ ಮೀಟರೇ ಬೇಕು.

ಆರಿಸುವಾಗ ಮೊದ್ಲು ಸಿಲಿಂಡರ್ ವಾಲ್ವ್ ಮುಚ್ಚಿ, ಹೋಸಲ್ಲಿರೋದು ಉರಿದು ಮುಗೀಲಿ, ಫ್ಯಾನ್ ಇನ್ನೂ ಸ್ವಲ್ಪ ಹೊತ್ತು ಓಡಿ ಮಷೀನ್ ತಣ್ಣಗಾದ ಮೇಲೆ ಪ್ಲಗ್ ತೆಗೀರಿ.

ಗಾಳಿ

ಪ್ರೊಪೇನ್ ಉರಿಯೋಕೆ ಆಮ್ಲಜನಕ ಬೇಕು. ಸೈಟಲ್ಲಿ ನೋಡೋ ಫಿರಂಗಿ ಆಕಾರದ ಹೀಟರ್, ಅದನ್ನ ಟಾರ್ಪೆಡೊ ಅಂತಾನೂ ಸಾಲಮ್ಯಾಂಡರ್ ಅಂತಾನೂ ಕರೀತಾರೆ, ಅದಕ್ಕೆ ಚಿಮಣಿ ಇಲ್ಲ, ಉರಿದಿದ್ದೆಲ್ಲ ಬಿಸಿಗಾಳಿ ಜೊತೆ ನಾವಿರೋ ಜಾಗಕ್ಕೇ ಬರುತ್ತೆ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ಕಮ್ಮಿ ಆಗ್ತಾ ಹೋದ ಹಾಗೆ ಸರಿಯಾಗಿ ಉರಿಯಲ್ಲ, ಕಾರ್ಬನ್ ಮೊನಾಕ್ಸೈಡ್ ಏರ್ತಾ ಹೋಗುತ್ತೆ. ಅದು ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟ್ಕೊಳುತ್ತೆ, ಹಾಗಾಗಿ ಗಾಳೀಲಿ ಸ್ವಲ್ಪಾನೇ ಇದ್ರೂ ಗಂಟೆಗಟ್ಲೆ ಉಸಿರಾಡಿದ್ರೆ ದೇಹದಲ್ಲಿ ಸೇರ್ತಾ ಹೋಗುತ್ತೆ.

ಲೆಕ್ಕ ಹೀಗಿದೆ. ಅಮೆರಿಕದಲ್ಲಿ ಒಷಾ 8 ಗಂಟೆ ಸರಾಸರಿಗೆ ಇಟ್ಟಿರೋ ಮಿತಿ 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ), ಅಲ್ಲಿನದೇ ಸಂಶೋಧನಾ ಸಂಸ್ಥೆ ನಿಯೋಷ್ ಹೇಳೋದು 35, ಯಾವ ಹೊತ್ತಿಗೂ 200 ದಾಟಬಾರ್ದು ಅಂತ. 1200 ಅಂದ್ರೆ ಅಲ್ಲಿ ನಿಂತಿದ್ರೆ ಜೀವಕ್ಕೇ ಅಪಾಯ. ಇದನ್ನ ಅಳೆಯೋಕೆ ಮನೆಗೆ ಹಾಕೋ ಅಲಾರಂ ತಂದು ನೇತು ಹಾಕೋರಿದಾರೆ. ಅದು 70 ಪಿಪಿಎಂ ಇದ್ರೆ ಒಂದರಿಂದ ನಾಲ್ಕು ಗಂಟೆ ಒಳಗೆ ಯಾವಾಗ್ಲೋ ಕೂಗೋ ಹಾಗೆ ಮಾಡಿರೋದು, ಕೆಲ್ಸದ ಜಾಗಕ್ಕೆ ಅದು ತುಂಬಾ ತಡ. ಜೇಬಿಗೆ ಸಿಕ್ಕಿಸ್ಕೊಳೋ ಗ್ಯಾಸ್ ಮೀಟರ್ ಸಿಗುತ್ತೆ, ನಂಬರ್ ತೋರ್ಸುತ್ತೆ, ಸಾಮಾನ್ಯವಾಗಿ 35ಕ್ಕೆ ಒಂದ್ಸಲ, 200ಕ್ಕೆ ಒಂದ್ಸಲ ಕೂಗುತ್ತೆ. ಕಂಪನಿ ಕೊಡ್ಬೇಕು, ಕೇಳಿ ಇಸ್ಕೊಳಿ. ಎದೆ ಹತ್ರ, ಉಸಿರಾಡೋ ಎತ್ತರದಲ್ಲಿ ಸಿಕ್ಕಿಸ್ಕೊಳಿ, ಹೀಟರ್ ಬಾಯಿ ಎದುರು ಇಟ್ಟು ಬರ್ಬೇಡಿ.

ಹೊದಿಕೆ ಕಟ್ಟುವಾಗಲೇ ಗಾಳಿಗೆ ದಾರಿ ಮಾಡಿ. ಹೊರಗಿನ ಗಾಳಿ ಬರೋಕೆ ಕೆಳಗೊಂದು, ಬಿಸಿ ಹೊಗೆ ಹೋಗೋಕೆ ಎದುರು ಕಡೆ ಮೇಲೊಂದು. ಎಷ್ಟು ದೊಡ್ಡದು ಅನ್ನೋದು ಹೀಟರಿನ ಬಿಟಿಯು, ಅಂದ್ರೆ ಅದು ಗಂಟೆಗೆ ಕೊಡೋ ಶಾಖದ ಲೆಕ್ಕ, ಅದರ ಮೇಲೆ ಹೋಗುತ್ತೆ, ಮಷೀನ್ ಪ್ಲೇಟಲ್ಲಿ ಅಥ್ವಾ ಮ್ಯಾನ್ಯುಯಲ್‌ನಲ್ಲಿ ಇರುತ್ತೆ, ಒಂದೇ ಜಾಗದಲ್ಲಿ ಎರಡು ಹೀಟರ್ ಇದ್ರೆ ಎರಡನ್ನೂ ಕೂಡಿಸಿ. ಸಂಜೆ ಹೊತ್ತಿಗೆ ಯಾರೋ ಚಳಿ ಬರುತ್ತೆ ಅಂತ ಆ ತೂತಿಗೆ ಇನ್ಸುಲೇಷನ್ ತುರುಕ್ತಾರೆ, ಪ್ರತೀ ಸೈಟಲ್ಲೂ ಅಂಥವ್ರು ಒಬ್ರಾದ್ರೂ ಇರ್ತಾರೆ, ಅದನ್ನ ದಿನಕ್ಕೆರಡು ಸಲ ಹೋಗಿ ನೋಡೋದು ಯಾರ ಕೆಲ್ಸ ಅಂತ ಹೆಸರು ಹಾಕಿ ಬರೆದಿಡಿ. ಜನರೇಟರ್, ಡೀಸೆಲ್ ಲಿಫ್ಟ್ ಕೂಡ ಅದೇ ಹೊದಿಕೆ ಒಳಗೆ ಓಡ್ತಿದ್ರೆ ಅವೂ ಕಾರ್ಬನ್ ಮೊನಾಕ್ಸೈಡ್ ಸೇರಿಸ್ತವೆ.

ತಲೆನೋವು, ತಲೆಸುತ್ತು, ವಾಂತಿ ಬರೋ ಹಾಗಾಗೋದು, ಕೈಕಾಲು ಸೋತ ಹಾಗಾಗೋದು, ಇವು ಮೊದಲ ಲಕ್ಷಣ. ಜ್ವರ ಬರ್ತಿದೆ ಅಂತ್ಲೋ ರಾತ್ರಿ ನಿದ್ದೆ ಸಾಲಲಿಲ್ಲ ಅಂತ್ಲೋ ಅಂದ್ಕೋತೀವಿ. ಒಂದೇ ಜಾಗದಲ್ಲಿ ಕೆಲ್ಸ ಮಾಡೋ ಇಬ್ರಿಗೆ ಒಟ್ಟಿಗೆ ತಲೆನೋವು ಬಂದ್ರೆ, ಹೊರಗೆ ಹೋದ್ರೆ ಕಮ್ಮಿ ಆಗಿ ಒಳಗೆ ಬಂದ್ರೆ ಮತ್ತೆ ಶುರು ಆದ್ರೆ, ಅದು ಹೀಟರೇ ಅಂತ ತಿಳ್ಕೊಂಡು ಎಲ್ರನ್ನೂ ಹೊರಗೆ ಕರ್ಕೊಂಡು ಬನ್ನಿ, ಎಮರ್ಜೆನ್ಸಿ ನಂಬರ್ 911ಗೆ ಫೋನ್ ಮಾಡಿ. ಒಳಗೆ ಯಾರಾದ್ರೂ ಬಿದ್ದಿದ್ರೆ ಮೂಗಿಗೆ ಬಟ್ಟೆ ಕಟ್ಕೊಂಡು ನುಗ್ಬೇಡಿ, ಬಟ್ಟೆ, ಧೂಳಿನ ಮಾಸ್ಕ್ ಯಾವುದೂ ಈ ಗ್ಯಾಸನ್ನ ತಡೆಯಲ್ಲ. ಟಾರ್ಪನ್ನ ಹೊರಗಿಂದಾನೇ ಕಿತ್ತು ಹಾಕಿ, ಗ್ಯಾಸ್ ವಾಲ್ವ್ ಹೊರಗಿದ್ರೆ ಮುಚ್ಚಿ. ಹುಷಾರಾದ್ರು ಅಂತ ಮನೆಗೆ ಕಳಿಸ್ಬೇಡಿ, ಆಸ್ಪತ್ರೇಲಿ ಆಮ್ಲಜನಕ ಕೊಟ್ಟು ರಕ್ತ ಪರೀಕ್ಷೆ ಮಾಡ್ಬೇಕು.

ಇನ್ನೊಂದು, ಈ ಹೀಟರನ್ನ ಬಾಡಿಗೆ ಬೇಸ್‌ಮೆಂಟಿಗೆ, ಗ್ಯಾರೇಜಿಗೆ, ಮಲಗೋ ವ್ಯಾನಿಗೆ ಯಾವ ಕಾರಣಕ್ಕೂ ತಗೊಂಡು ಹೋಗ್ಬೇಡಿ.

ಸಿಲಿಂಡರ್ ಮೇಲೆ ಬಿಳಿ ಹಿಮ ಕಟ್ಟಿದ್ರೆ

ಇದು ಎಲ್ರಿಗೂ ಎದುರಾಗೋ ತೊಂದ್ರೆ. ಒಳಗಿನ ದ್ರವ ಆವಿ ಆಗ್ಬೇಕಾದ್ರೆ ಶಾಖ ಬೇಕು, ಅದನ್ನ ಸಿಲಿಂಡರ್ ಗೋಡೆಯಿಂದ ಎಳ್ಕೊಳುತ್ತೆ, ಗೋಡೆ ತಣ್ಣಗಾಗುತ್ತೆ, ಹಿಮ ಕಟ್ಟುತ್ತೆ, ಪ್ರೆಶರ್ ಇಳಿಯುತ್ತೆ. 20 ಡಿಗ್ರೀಲಿ 100 ಪಿಎಸ್‌ಐ ಮೇಲಿರೋದು ಮೈನಸ್ 20ರಲ್ಲಿ 20ರ ಆಸುಪಾಸಿಗೆ ಬರುತ್ತೆ, ಮೈನಸ್ 40ರಲ್ಲಿ ಹೆಚ್ಚುಕಮ್ಮಿ ಏನೂ ಇರಲ್ಲ. 1,50,000 ಬಿಟಿಯು ಹೀಟರ್ ಗಂಟೆಗೆ ಸುಮಾರು 7 ಪೌಂಡ್ ಗ್ಯಾಸ್ ಎಳೆಯುತ್ತೆ, ಅಂದ್ರೆ 100 ಪೌಂಡ್ ಸಿಲಿಂಡರ್ ಸುಮಾರು 14 ಗಂಟೆ, ಆದ್ರೆ ಚಳಿ ಜಾಸ್ತಿ ಇದ್ದು ಸಿಲಿಂಡರ್ ಅರ್ಧ ಆದ್ಮೇಲೆ ಅಷ್ಟು ಬೇಗ ಆವಿ ಆಗೋಕೆ ಆಗಲ್ಲ. ಆಗ ಜ್ವಾಲೆ ಕುಗ್ಗುತ್ತೆ, ಜನ ಸಿಲಿಂಡರನ್ನ ಹೀಟರ್ ಮುಂದೆ ತಂದಿಡ್ತಾರೆ, ಇಲ್ಲ ಟಾರ್ಚ್ ಹಿಡೀತಾರೆ. ಎರಡೂ ಮಾಡಬಾರ್ದು. ಬಿಸಿ ಆದ ಸಿಲಿಂಡರಲ್ಲಿ ಪ್ರೆಶರ್ ಏರಿ ರಿಲೀಫ್ ವಾಲ್ವ್ ತೆಗೆದ್ಕೊಂಡ್ರೆ ಗ್ಯಾಸ್ ಹೊರಗೆ ಚಿಮ್ಮುತ್ತೆ, ಎದುರಿಗೇ ಬೆಂಕಿ ಇರುತ್ತೆ.

ಸರಿಯಾದ ದಾರಿ ಅಂದ್ರೆ ದೊಡ್ಡ ಟ್ಯಾಂಕ್, ಇಲ್ಲ ಎರಡು ಮೂರು ಸಿಲಿಂಡರನ್ನ ಮ್ಯಾನಿಫೋಲ್ಡಿಗೆ (ಎಲ್ಲಾನೂ ಒಂದೇ ಲೈನಿಗೆ ಕೂಡಿಸೋ ಪೈಪ್) ಸೇರಿಸಿ ಎಲ್ಲದ್ರಿಂದ ಸ್ವಲ್ಪ ಸ್ವಲ್ಪ ಎಳ್ಕೊಳೋದು. ಅದನ್ನ ಗ್ಯಾಸ್ ಸಪ್ಲೈಯರ್ ಕೈಲೇ ಮಾಡಿಸಿ. ಕಟ್ಟಡದ ಒಳಗೆ ಹೀಗೆ ಸೇರಿಸೋದಕ್ಕೆ ಒಷಾ ಪ್ರಕಾರ 300 ಪೌಂಡ್ ಗ್ಯಾಸ್ ಅನ್ನೋ ಮಿತಿ ಇದೆ. ಮಿಕ್ಕಿರೋ ಸಿಲಿಂಡರ್, ಖಾಲಿ ಸಿಲಿಂಡರ್ ಎರಡನ್ನೂ ಕಟ್ಟಡದ ಹೊರಗೆ, ಪಂಜರದೊಳಗೆ, ವಾಲ್ವ್ ಮುಚ್ಚಿ ಇಡಿ. ಖಾಲಿ ಅನ್ನೋದ್ರಲ್ಲೂ ಆವಿ ಇದ್ದೇ ಇರುತ್ತೆ.

ಕೆಲ್ಸದ ಮೇಲೂ ನಿಗಾ

ಹೊಸ ಸ್ಲ್ಯಾಬ್ ಮೇಲೆ ಈ ಹೀಟರ್ ಹಚ್ಚೋರು ಗಮನಿಸಿ. ಉರಿದು ಬರೋ ಕಾರ್ಬನ್ ಡೈಆಕ್ಸೈಡ್ ಹಸಿ ಕಾಂಕ್ರೀಟಿನ ಮೇಲ್ಪದರದ ಜೊತೆ ಸೇರ್ಕೊಂಡು ಅದನ್ನ ಸೀಮೆಸುಣ್ಣದ ಥರ ಮೆತ್ತಗೆ ಮಾಡುತ್ತೆ, ಆಮೇಲೆ ಎಷ್ಟು ಗುಡಿಸಿದ್ರೂ ಧೂಳು ಏಳ್ತಾನೇ ಇರುತ್ತೆ. ಅಷ್ಟೇ ಅಲ್ಲ, ಒಂದು ಕೆಜಿ ಪ್ರೊಪೇನ್ ಉರಿದ್ರೆ ಒಂದೂವರೆ ಕೆಜಿಗಿಂತ ಜಾಸ್ತಿ ನೀರಾವಿ ಬರುತ್ತೆ, ಅಂದ್ರೆ ಒಂದು 100 ಪೌಂಡ್ ಸಿಲಿಂಡರ್ ಖಾಲಿ ಆಗೋಷ್ಟ್ರಲ್ಲಿ 70 ಲೀಟರಿಗೂ ಮೇಲೆ ನೀರನ್ನ ಆ ಜಾಗಕ್ಕೆ ಬಿಟ್ಟಿರುತ್ತೆ. ಡ್ರೈವಾಲ್ ಒಣಗಿಸೋಕೆ ಅಂತ ಹಚ್ಚಿ ಕಿಟಕಿಯೆಲ್ಲ ಬೆವರಿ ಬೂಷ್ಟು ಹಿಡಿಯೋದು ಇದಕ್ಕೇ. ಇಂಥ ಕೆಲ್ಸಕ್ಕೆ ಮಷೀನ್ ಹೊರಗಿದ್ದು ಬರೀ ಬಿಸಿಗಾಳಿಯನ್ನ ಡಕ್ಟಲ್ಲಿ ಒಳಗೆ ಕಳ್ಸೋ ಇಂಡೈರೆಕ್ಟ್ ಹೀಟರ್ ತರಿಸಿ, ಬಾಡಿಗೆ ಜಾಸ್ತಿ ಆದ್ರೂ ನನ್ನ ಪ್ರಕಾರ ಅದೇ ಸರಿ, ಜನಕ್ಕೂ ಗೋಡೆಗೂ.

ರಾತ್ರಿ

ಹಚ್ಚಿಟ್ಟು ಬೀಗ ಹಾಕ್ಕೊಂಡು ಹೋಗೋದು ಬೇಡ. ರಾತ್ರಿ ಪೂರ್ತಿ ಬೇಕೇ ಬೇಕು ಅಂದ್ರೆ ಫೈರ್ ವಾಚಿಗೆ, ಅಂದ್ರೆ ಬೆಂಕಿ ಕಾವಲಿಗೆ, ಟ್ರೇನಿಂಗ್ ಆಗಿರೋ ಮನುಷ್ಯ ಇರ್ಬೇಕು, ಅವ್ನಿಗೆ ಕೂರೋಕೆ ಹೀಟರ್ ಜಾಗ ಅಲ್ದೆ ಬೇರೆ ಬೆಚ್ಚಗಿನ ಟ್ರೇಲರ್, ಕೈಲಿ ಮೀಟರ್, ಫೋನ್, ಪ್ರತೀ ರೌಂಡಲ್ಲೂ ಜ್ವಾಲೆ, ಟಾರ್ಪ್, ಗಾಳಿ ತೂತು, ಪಿಪಿಎಂ ಬರೆಯೋಕೆ ಒಂದು ಶೀಟ್. ಫೈರ್ ಎಕ್ಸ್‌ಟಿಂಗ್ವಿಷರ್ ಹೀಟರ್ ಹತ್ರಾನೇ ಇರ್ಬೇಕು, ಒಂಟಾರಿಯೋ ಸೈಟ್‌ಗಳಲ್ಲಿ 4ಎ 40ಬಿಸಿ ರೇಟಿಂಗಿಂದು. ಸಿಲಿಂಡರ್ ಬಾಯಲ್ಲೇ ಬೆಂಕಿ ಹತ್ತಿದ್ರೆ, ವಾಲ್ವ್ ಮುಚ್ಚೋಕೆ ಆಗಲ್ಲ ಅಂದ್ರೆ ಆ ಬೆಂಕಿಯನ್ನ ಆರಿಸ್ಬೇಡಿ, ಆರಿಸಿದ್ರೆ ಗ್ಯಾಸ್ ಹಾಗೇ ಹರಡಿ ಆಮೇಲೆ ಒಟ್ಟಿಗೆ ಹತ್ಕೊಳುತ್ತೆ. ಎಲ್ರನ್ನೂ ದೂರ ಕರ್ಕೊಂಡು ಹೋಗಿ 911 ಮಾಡಿ, ಸಿಲಿಂಡರ್ ಎಷ್ಟಿದೆ ಎಲ್ಲಿದೆ ಅಂತ ಹೇಳಿ.

ಇಷ್ಟೆಲ್ಲ ಹೇಳಿದ್ಮೇಲೂ ನಿಮ್ಮ ಸೈಟಲ್ಲಿ ಮೀಟರ್ ಕೊಡಲ್ಲ, ಗಾಳಿ ತೂತು ಮುಚ್ಚಿದಾರೆ, ಒಳಗೆ ಹೋಗಿ ಕೆಲ್ಸ ಮಾಡು ಅಂತಾರೆ ಅಂದ್ರೆ, ಒಂಟಾರಿಯೋದಲ್ಲಿ ಅಪಾಯ ಇರೋ ಕೆಲ್ಸ ಬೇಡ ಅನ್ನೋ ಹಕ್ಕು ಕಾನೂನಲ್ಲೇ ಇದೆ, ಆಕ್ಯುಪೇಷನಲ್ ಹೆಲ್ತ್ ಅಂಡ್ ಸೇಫ್ಟಿ ಆಕ್ಟಿನ 43ನೇ ಸೆಕ್ಷನ್. ಸ್ಟೂಡೆಂಟ್ ಪರ್ಮಿಟ್ ಇರ್ಲಿ, ವರ್ಕ್ ಪರ್ಮಿಟ್ ಇರ್ಲಿ, ಆ ಹಕ್ಕು ನಿಮಗೂ ಇದೆ. ಮೊದ್ಲು ಸೂಪರ್‌ವೈಸರಿಗೆ "ಇದು ಸೇಫ್ ಅಲ್ಲ, ನಾನು ಒಳಗೆ ಹೋಗಲ್ಲ" ಅಂತ ಕಾರಣ ಸಮೇತ ಹೇಳಿ, ಸೇಫ್ಟಿ ರೆಪ್ರೆಸೆಂಟೇಟಿವ್ ಎದುರಲ್ಲಿ ಅವ್ರು ಬಂದು ನೋಡ್ಬೇಕು, ಅಲ್ಲೂ ಸರಿಹೋಗ್ಲಿಲ್ಲ ಅಂದ್ರೆ ಲೇಬರ್ ಮಿನಿಸ್ಟ್ರಿ ಇನ್‌ಸ್ಪೆಕ್ಟರನ್ನ ಕರೆಸಬಹುದು. ಅಷ್ಟು ಹೊತ್ತು ಸೈಟಲ್ಲೇ, ಸೇಫ್ ಇರೋ ಜಾಗದಲ್ಲಿ ಇರಿ. ಇದಕ್ಕೋಸ್ಕರ ಕೆಲ್ಸದಿಂದ ತೆಗೆಯೋದು ಕಾನೂನಿಗೆ ವಿರುದ್ಧ. ಸೇಫ್ಟಿ ರೆಪ್ ಹೆಸರು ಸೈಟ್ ಬೋರ್ಡಲ್ಲಿ ಇರುತ್ತೆ, ಕೆಲ್ಸಕ್ಕೆ ಸೇರಿದ ಮೊದಲ್ನೇ ದಿನಾನೇ ಒಂದು ಫೋಟೋ ಹೊಡೆದಿಟ್ಕೊಳಿ.